ಮಿಂಚಿನ ಕಳ್ಳನ ಕಥೆ: ಹನ್ನೊಂದನೇ ಮನೆಯ ಮಕ್ಕಳ ಬಗ್ಗೆ ಮಾತಾಡೋಣ ಬನ್ನಿ

ತುಂಗಾ ತೀರ (ಚರ್ಚೆ ಶುರು ಮಾಡಿದವರು)

ರಿಕ್ ರಿಯೊರ್ಡನ್ ಅವರ ‘ದ ಲೈಟ್ನಿಂಗ್ ಥೀಫ್’ ಓದಿದವರು ಇಲ್ಲಿ ಇದ್ದೀರಾ? 2005ರಲ್ಲಿ ಬಂದ ಕಾದಂಬರಿ, ಪರ್ಸಿ ಜಾಕ್ಸನ್ ಸರಣಿಯ ಮೊದಲನೆಯದು. ಒಂದು ತಿಂಗಳಿಂದ ರಾತ್ರಿ ಊಟ ಆದಮೇಲೆ ಮಗಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಅವಳಿಗೆ ಹನ್ನೊಂದು ವರ್ಷ. ನಿನ್ನೆ ಮುಗಿಯಿತು. ಇಬ್ಬರಿಗೂ ಸರಿಯಾಗಿ ನಿದ್ದೆ ಬರಲಿಲ್ಲ.

ಓದದವರಿಗೆ ಎರಡು ಮಾತು. (ಕಥೆಯ ಕೊನೆಯೂ ಬರುತ್ತದೆ. ಬೇಡ ಅನ್ನುವವರು ದಯವಿಟ್ಟು ಇಲ್ಲೇ ನಿಲ್ಲಿ.) ಪರ್ಸಿ ನ್ಯೂಯಾರ್ಕಿನ ಹನ್ನೆರಡು ವರ್ಷದ ಹುಡುಗ. ಆರು ವರ್ಷದಲ್ಲಿ ಆರು ಶಾಲೆ. ಪುಸ್ತಕ ಹಿಡಿದರೆ ಅಕ್ಷರಗಳು ಈಜಾಡುತ್ತವೆ, ಒಂದು ಕಡೆ ಕೂರಲು ಆಗುವುದಿಲ್ಲ. ಒಂದು ದಿನ ಮ್ಯೂಸಿಯಂ ನೋಡಲು ಹೋದಾಗ ಗಣಿತದ ಟೀಚರ್ ರೆಕ್ಕೆ ಬಿಚ್ಚಿ ಮೇಲೆ ಎರಗುತ್ತಾಳೆ. ಆಮೇಲೆ ಗೊತ್ತಾಗುತ್ತದೆ: ಅವನ ಅಪ್ಪ ಗ್ರೀಕರ ಕಡಲ ದೇವರು ಪೊಸೈಡನ್. ಲಾಂಗ್ ಐಲೆಂಡಿನಲ್ಲಿ ಇಂಥ ಮಕ್ಕಳಿಗಾಗಿಯೇ ಒಂದು ಶಿಬಿರ ಇದೆ. ಅಲ್ಲಿಗೆ ಸೇರುತ್ತಾನೆ. ಅಷ್ಟರಲ್ಲಿ ದೇವರುಗಳ ರಾಜ ಸ್ಯೂಸ್‌ನ ಸಿಡಿಲಾಯುಧ ಕಳುವಾಗಿದೆ. ಅನುಮಾನ ಪರ್ಸಿ ಮೇಲೆ. ಅದನ್ನು ಹುಡುಕಿಕೊಂಡು ಗ್ರೋವರ್, ಆನಬೆತ್ ಅನ್ನುವ ಇಬ್ಬರು ಗೆಳೆಯರ ಜೊತೆ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ವರೆಗೆ ಹೋಗುತ್ತಾನೆ. ಸತ್ತವರ ಲೋಕದ ಬಾಗಿಲು ಇರುವುದು ಲಾಸ್ ಏಂಜಲೀಸಿನಲ್ಲಿ. ದೇವರುಗಳ ಮನೆ ಒಲಿಂಪಸ್ ಇರುವುದು ಎಂಪೈರ್ ಸ್ಟೇಟ್ ಕಟ್ಟಡದ 600ನೇ ಮಹಡಿಯಲ್ಲಿ!

ನಾನು ಕೇಳಬೇಕು ಅಂದುಕೊಂಡಿದ್ದು ಸಾಹಸದ ಬಗ್ಗೆ ಅಲ್ಲ. ಶಿಬಿರದಲ್ಲಿ ಹನ್ನೆರಡು ಮನೆಗಳಿವೆ, ಒಬ್ಬೊಬ್ಬ ದೇವರಿಗೆ ಒಂದೊಂದು. ಹೆರಾಳ ಮನೆ ಖಾಲಿ, ಆರ್ಟೆಮಿಸ್‌ಳ ಮನೆಯೂ ಖಾಲಿ, ಬರೀ ಮರ್ಯಾದೆಗೆ ಕಟ್ಟಿದ್ದು. ಆದರೆ ಹರ್ಮಿಸ್‌ನ ಹನ್ನೊಂದನೇ ಮನೆ ಮಾತ್ರ ಕಿಕ್ಕಿರಿದಿದೆ. ಮಂಚ ಸಿಗದವರು ನೆಲದ ಮೇಲೆ ಮಲಗುತ್ತಾರೆ. ಯಾಕೆ ಅಂದರೆ ತನ್ನ ದೇವರು ಯಾರು ಅಂತ ಗೊತ್ತಿಲ್ಲದ ಮಕ್ಕಳೆಲ್ಲ ಅಲ್ಲೇ ಇರಬೇಕು. ‘ಇವನು ನನ್ನ ಮಗ’ ಅಂತ ಮೇಲಿನವರು ಒಂದು ಗುರುತು ತೋರಿಸುವವರೆಗೂ ಕಾಯಬೇಕು. ಕೆಲವರಿಗೆ ಆ ಗುರುತು ಬರುವುದೇ ಇಲ್ಲ.

ಅಲ್ಲಿಗೆ ಬಂದಾಗ ಮಗಳು ಓದು ನಿಲ್ಲಿಸಿದಳು. “ಮನೆ ಖಾಲಿ ಇದ್ದರೂ ಅವರನ್ನ ಯಾಕೆ ಒಳಗೆ ಬಿಡಲ್ಲ ಅಮ್ಮಾ?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಮನೆಯ ಹಿರಿಯ ಹುಡುಗ ಲ್ಯೂಕ್, ಹರ್ಮಿಸ್‌ನ ಸ್ವಂತ ಮಗ, ಹತ್ತೊಂಬತ್ತು ವರ್ಷ. ಪರ್ಸಿಗೆ ಮಲಗಲು ಚೀಲ ತಂದುಕೊಡುವವನು, ಕತ್ತಿವರಸೆ ಕಲಿಸುವವನು. ಕಳ್ಳ ಅವನೇ ಅಂತ ಕೊನೆಗೆ ತಿಳಿಯುತ್ತದೆ. ದೇವರುಗಳನ್ನು ಬೀಳಿಸಬೇಕು ಅಂತ ಹೊರಟವನು. ಅವನು ಮಾಡಿದ್ದು ತಪ್ಪು, ಸರಿ. ಆದರೆ ಅವನ ಸಿಟ್ಟು? ಅದರಲ್ಲಿ ನ್ಯಾಯ ಇದೆ ಅಲ್ವಾ? ನಿಮಗೇನು ಅನ್ನಿಸಿತು, ಹೇಳಿ.

ನೀಲಿ ದೋಸೆ

ಅಯ್ಯೋ, ನನ್ನ ಪುಸ್ತಕ! ಪಿಯುಸಿಯಲ್ಲಿ ಐದು ಭಾಗವನ್ನೂ ಒಂದೇ ರಜೆಯಲ್ಲಿ ಮುಗಿಸಿದ್ದೆ. ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ. ಪರ್ಸಿಯ ಅಮ್ಮ ನೀಲಿ ಬಣ್ಣದ ತಿಂಡಿಯನ್ನೇ ಮಾಡುತ್ತಾಳೆ. ಮಲತಂದೆ ಗೇಬ್ ‘ನೀಲಿ ತಿಂಡಿ ಅಂತ ಯಾವುದೂ ಇಲ್ಲ’ ಅಂದಿದ್ದಕ್ಕೆ ಅವಳು ಕೊಟ್ಟ ಉತ್ತರ ಅದು. ಜಗಳ ಇಲ್ಲ, ಕೂಗಾಟ ಇಲ್ಲ, ಬರೀ ನೀಲಿ ಕೇಕ್.

ಕಡಲ ಕಾಗೆ

ತುಂಗಾ ಅವರೇ, ಲ್ಯೂಕ್ ಪರವಾಗಿ ನನಗೆ ಜಾಸ್ತಿ ಮರುಕ ಇಲ್ಲ. ಅಪ್ಪನ ಮೇಲೆ ಸಿಟ್ಟಿದ್ದರೆ ಅಪ್ಪನ ಹತ್ತಿರ ಕೇಳಬೇಕಿತ್ತು. ಇವನು ಹನ್ನೆರಡು ವರ್ಷದ ಹುಡುಗನ ಮೇಲೆ ನರಕದ ನಾಯಿ ಬಿಡುತ್ತಾನೆ. ಉಡುಗೊರೆ ಅಂತ ಕೊಟ್ಟ ರೆಕ್ಕೆಯ ಬೂಟು ಗ್ರೋವರ್‌ನನ್ನು ಟಾರ್ಟರಸ್ ಪಾತಾಳದ ಅಂಚಿಗೆ ಎಳೆದುಕೊಂಡು ಹೋಗುತ್ತದೆ. ಅದು ಪರ್ಸಿಯ ಕಾಲಿಗೆ ಅಂತ ಕೊಟ್ಟಿದ್ದು! ಕೊನೆಯಲ್ಲಿ ಕಾಡಿಗೆ ಕರೆದುಕೊಂಡು ಹೋಗಿ, ತಂಪು ಪಾನೀಯ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಚೇಳು ಬಿಡುತ್ತಾನೆ. ತಾನು ಅನುಭವಿಸಿದ ನೋವನ್ನು ತನಗಿಂತ ಚಿಕ್ಕವರ ಮೇಲೆ ಹಾಕಿದ ಮೇಲೆ ಅದನ್ನು ನ್ಯಾಯ ಅನ್ನುವುದು ಹೇಗೆ?

ತುಂಗಾ ತೀರ

ಒಪ್ಪುತ್ತೇನೆ ಸರ್. ಚೇಳಿನ ಜಾಗ ಓದುವಾಗ ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ಆದರೆ ನಾನು ಕೇಳಿದ್ದು ಅವನ ಕೆಲಸದ ಬಗ್ಗೆ ಅಲ್ಲ, ಅವನ ದೂರಿನ ಬಗ್ಗೆ. ಅಪ್ಪ ಅವನಿಗೆ ಕೊಟ್ಟಿದ್ದು ಒಂದೇ ಒಂದು ಸಾಹಸದ ಕೆಲಸ: ಹೆಸ್ಪೆರಿಡಿಸ್ ತೋಟದ ಚಿನ್ನದ ಸೇಬು ತರುವುದು. ಅದನ್ನು ಹಳೆಯ ಗ್ರೀಕ್ ವೀರ ಹೆರಾಕ್ಲಿಸ್ ಯಾವತ್ತೋ ಮಾಡಿ ಮುಗಿಸಿದ್ದ. ಇನ್ನೊಬ್ಬರು ಮಾಡಿ ಬಿಟ್ಟ ಕೆಲಸ ಕೊಟ್ಟರು, ಅದರಲ್ಲೂ ಸೋತು ಮುಖದ ಮೇಲೆ ಗಾಯದ ಗುರುತು ಹೊತ್ತು ಬಂದ. ಮುಂದೆ ಪರ್ಸಿ ಬರುತ್ತಾನೆ. ಕೆಲವೇ ದಿನದಲ್ಲಿ ಹೊಳೆಯ ನೀರಲ್ಲಿ ನಿಂತಾಗ ಅವನ ತಲೆಯ ಮೇಲೆ ತ್ರಿಶೂಲ ಹೊಳೆಯುತ್ತದೆ, ಎಲ್ಲರೂ ಮಂಡಿಯೂರುತ್ತಾರೆ. ಅದನ್ನು ನೋಡಿದ ಹನ್ನೊಂದನೇ ಮನೆಯ ಮಕ್ಕಳಿಗೆ ಹೇಗಾಗಿರಬೇಡ?

ಗ್ರಂಥಾಲಯದ ಮೂಲೆ

ಈ ಚರ್ಚೆ ನೋಡಿ ತುಂಬಾ ಖುಷಿ ಆಯಿತು, ಸ್ವಲ್ಪ ಉದ್ದ ಬರೆಯುತ್ತೇನೆ.

ಗುರುತಿಗಾಗಿ ಕಾಯುವ ಮಗು ಗ್ರೀಕರಿಗೆ ಹೊಸದಲ್ಲ. ಯೂರಿಪಿಡಿಸ್‌ನ ‘ಇಯಾನ್’ ಅಂತ ಒಂದು ನಾಟಕ ಇದೆ. ಅಥೆನ್ಸಿನ ರಾಜಕುಮಾರಿ ಕ್ರಿಯೂಸಾಳನ್ನು ಅಪೊಲೊ ದೇವರು ಬಲವಂತ ಮಾಡುತ್ತಾನೆ. ಅವಳು ಯಾರಿಗೂ ಹೇಳದೆ ಹೆತ್ತು, ಮಗುವನ್ನು ಬುಟ್ಟಿಯಲ್ಲಿಟ್ಟು ಗುಹೆಯಲ್ಲಿ ಬಿಟ್ಟು ಬರುತ್ತಾಳೆ. ಸತ್ತಿತು ಅಂದುಕೊಂಡೇ ಬದುಕುತ್ತಾಳೆ. ಮಗು ಸಾಯುವುದಿಲ್ಲ. ಅಪೊಲೊನ ಡೆಲ್ಫಿ ಗುಡಿಯಲ್ಲಿ ಬೆಳೆಯುತ್ತದೆ. ದೊಡ್ಡವನಾದ ಮೇಲೆ ಹುಡುಗ ದಿನಾ ಬೆಳಗ್ಗೆ ಗುಡಿಯ ಅಂಗಳ ಗುಡಿಸುತ್ತಾನೆ, ಕಾಣಿಕೆಗಳ ಮೇಲೆ ಕೂರುವ ಹಕ್ಕಿಗಳನ್ನು ಓಡಿಸುತ್ತಾನೆ. ಯಾರ ಗುಡಿ ಗುಡಿಸುತ್ತಿದ್ದಾನೋ ಅವನೇ ತನ್ನ ಅಪ್ಪ ಅಂತ ಗೊತ್ತಿಲ್ಲ. ನನಗೆ ಗ್ರೀಕ್ ನಾಟಕಗಳಲ್ಲಿ ಇದಕ್ಕಿಂತ ಮನಸ್ಸು ಕಲಕುವ ಚಿತ್ರ ಬೇರೆ ಸಿಕ್ಕಿಲ್ಲ.

ಕೊನೆಗೆ ತಾಯಿ ಮಗ ಸೇರುತ್ತಾರೆ. ಆದರೆ ಅಪೊಲೊ? ಅವನು ಬರುವುದೇ ಇಲ್ಲ. ಹಳೆಯದಕ್ಕೆಲ್ಲ ಎದುರು ನಿಂತು ಬೈಸಿಕೊಳ್ಳಬೇಕಾಗುತ್ತದೆ ಅಂತ ತನ್ನ ಬದಲು ಅಥೀನಾಳನ್ನು ಕಳಿಸುತ್ತಾನೆ. ಎರಡು ಸಾವಿರದ ನಾನೂರು ವರ್ಷಗಳ ಹಿಂದೆಯೇ ಒಬ್ಬ ನಾಟಕಕಾರ ಲ್ಯೂಕ್‌ನ ದೂರನ್ನು ಅಥೆನ್ಸಿನ ರಂಗದ ಮೇಲೆ ತಂದು ನಿಲ್ಲಿಸಿದ್ದ.

ಈಗ ನಾನು ಹೇಳಬೇಕು ಅಂತ ಬಂದ ಮಾತು. ಆ ಬುಟ್ಟಿಯನ್ನು ಗುಹೆಯಿಂದ ಡೆಲ್ಫಿಗೆ ಹೊತ್ತುಕೊಂಡು ಹೋದವರು ಯಾರು? ಹರ್ಮಿಸ್. ನಾಟಕ ಶುರುವಾಗುವುದೇ ಅವನ ಮಾತಿನಿಂದ, ಅವನೇ ಬಂದು ಹೇಳುತ್ತಾನೆ. ತಾಯಿ ಸತ್ತ ಡಯೊನೈಸಸ್ ಮಗುವನ್ನು ಸಾಕಲು ಕೊಟ್ಟು ಬಂದವನೂ ಹರ್ಮಿಸ್ಸೇ. ಒಲಿಂಪಿಯಾದಲ್ಲಿ 1877ರಲ್ಲಿ ಅಗೆದಾಗ ಸಿಕ್ಕ ಅಮೃತಶಿಲೆಯ ಪ್ರಸಿದ್ಧ ಮೂರ್ತಿ ನೋಡಿ. ಹರ್ಮಿಸ್ ಎಡತೋಳಿನ ಮೇಲೆ ಆ ಕೂಸನ್ನು ಕೂರಿಸಿಕೊಂಡು ನಿಂತಿದ್ದಾನೆ. ಅದೇ ಕೂಸು ಈ ಕಾದಂಬರಿಯಲ್ಲಿ ಶಿಬಿರದ ಮುಖ್ಯಸ್ಥ, ಮಿಸ್ಟರ್ ಡಿ! ದಾರಿಹೋಕರ ದೇವರು ಅನ್ನುವ ಕಾರಣಕ್ಕೆ ಹರ್ಮಿಸ್ ಮನೆಯಲ್ಲಿ ಎಲ್ಲರಿಗೂ ಜಾಗ ಅಂತ ಕಾದಂಬರಿ ಹೇಳುತ್ತದೆ. ನನಗೆ ಅದಕ್ಕಿಂತ ಈ ಕಾರಣ ಹತ್ತಿರ ಅನ್ನಿಸುತ್ತದೆ. ಬೇರೆ ದೇವರ ಮಕ್ಕಳನ್ನು ಎತ್ತಿಕೊಂಡು ಹೋಗಿ ದಡ ಮುಟ್ಟಿಸಿದವನು ಅವನು. ಅವನ ಸ್ವಂತ ಮಗನೇ ಅಪ್ಪನನ್ನು ದ್ವೇಷಿಸುತ್ತಾನೆ ಅನ್ನುವುದು ಅದಕ್ಕೇ ಅಷ್ಟು ನೋಯಿಸುತ್ತದೆ.

ಕಡಲ ಕಾಗೆ

ಇದು ಗೊತ್ತಿರಲಿಲ್ಲ. ಗುಡಿ ಗುಡಿಸುವ ಹುಡುಗನ ಚಿತ್ರ ತಲೆಯಿಂದ ಹೋಗುತ್ತಿಲ್ಲ.

ಹಳೇ ಮೇಷ್ಟ್ರು

ಗ್ರಂಥಾಲಯದವರೇ, ಬಹಳ ಚೆನ್ನಾಗಿ ಬರೆದಿದ್ದೀರಿ. ನಾನು ಇನ್ನೊಂದು ಕಥೆ ಸೇರಿಸುತ್ತೇನೆ, ಫೇಥಾನ್‌ನದು. ರೋಮಿನ ಕವಿ ಆವಿಡ್ ಹೇಳಿದ್ದಾನೆ. ಫೇಥಾನ್ ಸೂರ್ಯನ ಮಗ. ಗೆಳೆಯನೊಬ್ಬ ‘ನೀನು ಸೂರ್ಯನ ಮಗ ಅನ್ನೋದು ಸುಳ್ಳು’ ಅಂತ ಹಂಗಿಸುತ್ತಾನೆ. ಹುಡುಗ ನೇರವಾಗಿ ಅಪ್ಪನ ಅರಮನೆಗೆ ಹೋಗುತ್ತಾನೆ. ಅಪ್ಪ ಒಪ್ಪಿಕೊಳ್ಳುತ್ತಾನೆ, ಏನು ಬೇಕಾದರೂ ಕೇಳು ಅಂತ ಸ್ಟಿಕ್ಸ್ ನದಿಯ ಮೇಲೆ ದೇವರೂ ಮುರಿಯಲಾಗದ ಆಣೆ ಇಡುತ್ತಾನೆ. ಒಂದು ದಿನ ನಿನ್ನ ರಥ ಓಡಿಸುತ್ತೇನೆ ಅನ್ನುತ್ತಾನೆ ಮಗ. ಕುದುರೆಗಳು ಕೈ ತಪ್ಪುತ್ತವೆ, ಭೂಮಿ ಸುಡುತ್ತದೆ, ಸಿಡಿಲು ಹೊಡೆದು ಹುಡುಗ ಸಾಯುತ್ತಾನೆ. ಎಲ್ಲರೂ ನೋಡಲಿ, ನಾನು ಅವನ ಮಗ ಅಂತ ತೋರಿಸಬೇಕಿತ್ತು. ಅಷ್ಟೇ ಅವನಿಗೆ ಬೇಕಿದ್ದದ್ದು.

ಸೂರ್ಯನ ಮಗ ಅಂದಕೂಡಲೇ ನಮಗೆ ಯಾರ ನೆನಪು ಬರುತ್ತದೆ ಹೇಳಬೇಕಾಗಿಲ್ಲ. ಕರ್ಣನಿಗೆ ಗುರುತು ಸಿಕ್ಕಿದ್ದು ಯಾವಾಗ? ಯುದ್ಧ ಎದುರಿಗೆ ನಿಂತಾಗ. ಕುಂತಿ ಬಂದು ಹೇಳಿದಳು. ಆಗ ಹೇಳಿ ಏನು ಪ್ರಯೋಜನ? ಅನ್ನದ ಋಣ ಒಂದು ಕಡೆ, ರಕ್ತ ಇನ್ನೊಂದು ಕಡೆ. ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಅಂತ ಪಂಪ ಸುಮ್ಮನೆ ಹೇಳಲಿಲ್ಲ. ತಪ್ಪು ಕಡೆ ನಿಂತವನ ನೋವನ್ನು ನೋಡುವ ಕಣ್ಣು ನಮ್ಮ ಭಾಷೆಗೆ ಸಾವಿರ ವರ್ಷಗಳಿಂದ ಇದೆ. ಕಡಲ ಕಾಗೆಯವರೇ, ಲ್ಯೂಕ್‌ನ ಕೆಲಸವನ್ನು ನಾನೂ ಒಪ್ಪುವುದಿಲ್ಲ. ಅವನಿಗೆ ಕರ್ಣನ ದೊಡ್ಡತನ ಇಲ್ಲ. ಆದರೆ ನೋವು ಅದೇ.

ಇನ್ನೊಂದು ನೆನಪು. ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ (1929) ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ‘ಅಯಾಸ್’ ನಾಟಕದ ಮೇಲೆ ನಿಂತದ್ದು. ಅಯಾಸ್‌ನ ಸಿಟ್ಟು ಯಾಕೆ? ಸತ್ತ ಅಕಿಲಿಸ್‌ನ ಆಯುಧ ತನಗೆ ಸಲ್ಲಬೇಕಿತ್ತು, ಬೇರೆಯವರಿಗೆ ಕೊಟ್ಟರು. ಸಿಗಬೇಕಾದ ಮರ್ಯಾದೆ ಸಿಗದ ವೀರ. ಆ ಸಂಕಟವನ್ನು ಶ್ರೀಯವರು ತಂದು ಅಶ್ವತ್ಥಾಮನ ಎದೆಗೆ ಇಟ್ಟರು. ಗ್ರೀಕರ ಕಥೆ ನಮ್ಮ ಕಥೆಯ ಪಕ್ಕದಲ್ಲಿ ಕೂತದ್ದು ಇದೇ ಮೊದಲಲ್ಲ ಅಂತ ಹೇಳಲು ಬರೆದೆ.

ಬೆಳಗಿನ ಕಾಫಿ

ಎಲ್ಲರೂ ಅಪ್ಪಂದಿರ ಬಗ್ಗೆಯೇ ಮಾತಾಡುತ್ತಿದ್ದೀರಿ. ನನಗೆ ಈ ಪುಸ್ತಕದಲ್ಲಿ ಅಮ್ಮನೇ ಮುಖ್ಯ.

ಪರ್ಸಿಯ ಪೂರ್ತಿ ಹೆಸರು ಪರ್ಸಿಯಸ್. ಹಳೆಯ ಕಥೆಯ ಪರ್ಸಿಯಸ್ ಸ್ಯೂಸ್‌ನ ಮಗ, ಪೊಸೈಡನ್‌ನವನಲ್ಲ. ಆದರೂ ಅಮ್ಮ ಸ್ಯಾಲಿ ಆ ಹೆಸರೇ ಇಟ್ಟಳು. ಗ್ರೀಕ್ ವೀರರಲ್ಲಿ ಹೆಚ್ಚಿನವರು ಕೆಟ್ಟ ಸಾವು ಸತ್ತರು, ಇವನೊಬ್ಬ ಸುಖವಾಗಿ ಬಾಳಿದ ಅಂತ. ಇಂಥ ಅಮ್ಮ.

ಹಳೆಯ ಕಥೆ ನೆನಪಿದೆಯಾ? ಮೊಮ್ಮಗನಿಂದ ನಿನಗೆ ಸಾವು ಅಂತ ದೈವವಾಣಿ ಕೇಳಿದ ಅರ್ಗೋಸಿನ ರಾಜ, ಮಗಳು ಡನೇಯನ್ನೂ ಕೂಸನ್ನೂ ಪೆಟ್ಟಿಗೆಯಲ್ಲಿ ಹಾಕಿ ಕಡಲಿಗೆ ಬಿಡುತ್ತಾನೆ. ಪೆಟ್ಟಿಗೆ ಸೆರಿಫೋಸ್ ದ್ವೀಪಕ್ಕೆ ತೇಲುತ್ತದೆ. ಅಲ್ಲಿಯ ರಾಜ ಪಾಲಿಡೆಕ್ಟಿಸ್‌ಗೆ ಡನೇ ಮೇಲೆ ಕಣ್ಣು. ಮಗ ಅಡ್ಡ ಬರುತ್ತಾನೆ ಅಂತ ಅವನನ್ನು ನೋಡಿದವರನ್ನು ಕಲ್ಲು ಮಾಡುವ ಮೆಡೂಸಾಳ ತಲೆ ತರಲು ಅಟ್ಟುತ್ತಾನೆ. ಪರ್ಸಿಯಸ್ ತಲೆ ತಂದು, ಅದನ್ನೇ ತೋರಿಸಿ ರಾಜನನ್ನು ಕಲ್ಲು ಮಾಡುತ್ತಾನೆ. ಅಮ್ಮ ಬಿಡುಗಡೆ ಆಗುತ್ತಾಳೆ.

ಈಗ ಕಾದಂಬರಿ ನೋಡಿ. ಪಾಲಿಡೆಕ್ಟಿಸ್‌ನ ಜಾಗದಲ್ಲಿ ಹೊಡೆಯುವ ಗಂಡ ಗೇಬ್. ಸ್ಯಾಲಿ ಅವನನ್ನು ಮದುವೆಯಾದದ್ದೇ ಮಗನಿಗಾಗಿ. ಗೇಬ್‌ನ ಕೆಟ್ಟ ವಾಸನೆಯಲ್ಲಿ ಮಗನ ವಾಸನೆ ರಾಕ್ಷಸರಿಗೆ ಸಿಗುವುದಿಲ್ಲ ಅಂತ. ಪರ್ಸಿಯ ಕೈಯಲ್ಲಿ ಮೆಡೂಸಾಳ ತಲೆಯೂ ಇದೆ. ಅವನು ಒಂದು ಕ್ಷಣದಲ್ಲಿ ಮುಗಿಸಬಹುದಿತ್ತು. ಮುಗಿಸುವುದಿಲ್ಲ. ತಲೆ ಇಟ್ಟ ಪೆಟ್ಟಿಗೆಯನ್ನು ಅಮ್ಮನ ಹತ್ತಿರ ಬಿಟ್ಟು ಹೋಗುತ್ತಾನೆ. ಕೆಲವು ವಾರ ಆದಮೇಲೆ ಅಮ್ಮನ ಪತ್ರ ಬರುತ್ತದೆ: ಗೇಬ್ ಕಾಣೆಯಾಗಿದ್ದಾನೆ, ಇಸ್ಪೀಟು ಆಡುವವನ ಒಂದು ಕಲ್ಲಿನ ಮೂರ್ತಿ ಮಾರಾಟವಾಯಿತು, ಆ ದುಡ್ಡಲ್ಲಿ ಕಾಲೇಜು ಸೇರುತ್ತಿದ್ದೇನೆ.

ಹಳೆಯ ಕಥೆಯಲ್ಲಿ ಮಗ ಅಮ್ಮನನ್ನು ಬಿಡಿಸಿದ. ಇಲ್ಲಿ ಅಮ್ಮ ತನ್ನನ್ನು ತಾನೇ ಬಿಡಿಸಿಕೊಂಡಳು. ಸ್ಯಾಲಿಗೆ ಕಾದಂಬರಿ ಬರೆಯಬೇಕು ಅಂತ ಆಸೆ ಇತ್ತು. ಕಾಯಿಲೆ ಬಿದ್ದ ಮಾವನನ್ನು ನೋಡಿಕೊಳ್ಳಲು ಓದು ಬಿಟ್ಟವಳು ಅವಳು. ಈ ತಿರುವು ಓದಿದಾಗ ನನ್ನ ಕಣ್ಣು ತುಂಬಿ ಬಂದಿತ್ತು. ಒಂದು ಪುರಾಣವನ್ನು ಮತ್ತೆ ಹೇಳುವುದು ಅಂದರೆ ಇದು.

ನೀಲಿ ದೋಸೆ

ಇದನ್ನ ಪ್ರಿಂಟ್ ತೆಗೆದು ಇಟ್ಟುಕೊಳ್ಳುತ್ತೇನೆ ಅಕ್ಕ.

ಗ್ರಂಥಾಲಯದ ಮೂಲೆ

ಕಾಫಿಯವರೇ, ಪೂರ್ತಿ ಒಪ್ಪಿದೆ. ಆದರೆ ಅದೇ ಮೆಡೂಸಾಗೆ ಈ ಪುಸ್ತಕ ಅಷ್ಟು ನ್ಯಾಯ ಕೊಟ್ಟಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆವಿಡ್ ಹೇಳುವ ಪ್ರಕಾರ ಕಡಲ ದೇವರು ಅವಳನ್ನು ಕೆಡಿಸಿದ್ದು ಅಥೀನಾಳ ಗುಡಿಯೊಳಗೆ. ಶಿಕ್ಷೆ ಆಗಿದ್ದು ಮಾತ್ರ ಅವಳಿಗೆ. ಕಾದಂಬರಿ ಅವಳನ್ನು ಪೊಸೈಡನ್‌ನ ಹಳೇ ಗೆಳತಿ ಅಂತ ಹೇಳಿ ಮುಂದೆ ಹೋಗುತ್ತದೆ. ನ್ಯೂ ಜೆರ್ಸಿಯ ರಸ್ತೆ ಬದಿಯಲ್ಲಿ ಕಲ್ಲಿನ ಬೊಂಬೆಗಳ ಅಂಗಡಿ ಇಟ್ಟುಕೊಂಡಿರುವುದು ಅದ್ಭುತ ಕಲ್ಪನೆ, ನಿಜ. ಆದರೆ ಪರ್ಸಿ ಅವಳ ಎದುರು ನಿಂತಾಗ, ಇವಳ ಈ ಗತಿಗೆ ನನ್ನ ಅಪ್ಪನೇ ಕಾರಣ ಅಂತ ಒಂದು ಗಳಿಗೆ ತಡೆಯಬೇಕಿತ್ತು. ಡಿಸೆಂಬರ್ 2023ರಲ್ಲಿ ಬಂದ ಇದೇ ಕಥೆಯ ಧಾರಾವಾಹಿಯಲ್ಲಿ ಅವಳ ಮಾತಿಗೆ ಜಾಸ್ತಿ ಜಾಗ ಕೊಟ್ಟಿದ್ದಾರೆ. ಅದು ನನಗೆ ಇಷ್ಟ ಆಯಿತು.

ವಿಶೇಷ ತರಗತಿ

ತುಂಗಾ ಅವರೇ, ಅಕ್ಷರ ಈಜಾಡುತ್ತವೆ ಅಂತ ಬರೆದಿದ್ದೀರಲ್ಲ, ನಾನು ಅಂಥ ಮಕ್ಕಳಿಗೇ ಪಾಠ ಮಾಡುವುದು. ಅದಕ್ಕೇ ಕೇಳುತ್ತಿದ್ದೇನೆ, ಮಗಳಿಗೆ ಓದಿ ಹೇಳುತ್ತಿರುವುದು ಬರೀ ಇಷ್ಟಕ್ಕಾ, ಬೇರೆ ಕಾರಣ ಇದೆಯಾ? ಹೇಳಬೇಕು ಅನ್ನಿಸದಿದ್ದರೆ ಬಿಡಿ.

ತುಂಗಾ ತೀರ

ಸರಿಯಾಗಿ ಹಿಡಿದಿರಿ ಮೇಡಂ. ಅವಳಿಗೆ ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದುವುದೇ ಕಷ್ಟವಾಗುವ ತೊಂದರೆ, ಇದೆ ಅಂತ ಕಳೆದ ವರ್ಷ ಗೊತ್ತಾಯಿತು. ಅಲ್ಲಿಯವರೆಗೆ ಅವಳು ಓದುತ್ತಿದ್ದ ಶಾಲೆಯಲ್ಲಿ ‘ಸೋಮಾರಿ’ ಅನ್ನುತ್ತಿದ್ದರು. ನಾನೂ ಒಂದೆರಡು ಸಲ ಅಂದಿದ್ದೇನೆ. ಆ ಮಾತು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಪರ್ಸಿಗೂ ಡಿಸ್ಲೆಕ್ಸಿಯಾ ಅಂತ ಮೊದಲ ದಿನ ಓದಿದಾಗ ಅವಳು ಎದ್ದು ಕೂತಳು. ಅವನ ತಲೆ ಹುಟ್ಟಿನಿಂದಲೇ ಹಳೆಯ ಗ್ರೀಕ್ ಓದಲು ತಯಾರಾಗಿದೆ, ಅದಕ್ಕೇ ಇಂಗ್ಲಿಷ್ ಅಕ್ಷರ ಓಡಾಡುತ್ತದೆ ಅಂತ ಆನಬೆತ್ ಹೇಳುತ್ತಾಳಲ್ಲ, ಆವತ್ತು ಅವಳ ಮುಖ ನೋಡಬೇಕಿತ್ತು.

ವಿಶೇಷ ತರಗತಿ

ಹೇಳಿದ್ದಕ್ಕೆ ಥ್ಯಾಂಕ್ಸ್. ಲೇಖಕರೂ ಮೇಷ್ಟ್ರೇ. ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಶಾಲೆಯ ಮಕ್ಕಳಿಗೆ ಪಾಠ ಮಾಡುತ್ತಿದ್ದರು. ಅವರ ಮಗನಿಗೆ ಡಿಸ್ಲೆಕ್ಸಿಯಾ ಮತ್ತು ಎಡಿಎಚ್‌ಡಿ (ಗಮನ ನಿಲ್ಲದ, ಒಂದು ಕಡೆ ಕೂರಲಾಗದ ತೊಂದರೆ) ಎರಡೂ ಇತ್ತು. ಮಲಗುವಾಗ ಗ್ರೀಕ್ ಪುರಾಣದ ಕಥೆ ಹೇಳುತ್ತಿದ್ದರಂತೆ. ಇದ್ದ ಕಥೆಯೆಲ್ಲ ಮುಗಿದಾಗ ಹೊಸದು ಕಟ್ಟಿ ಹೇಳು ಅಂದ ಮಗ. ಪರ್ಸಿ ಹುಟ್ಟಿದ್ದು ಹಾಗೆ. ನೀವು ಮಾಡುತ್ತಿರುವುದೂ ಅದೇ ಕೆಲಸ.

ಒಂದು ಎಚ್ಚರಿಕೆಯ ಮಾತು. ಗ್ರೀಕ್ ಓದುವ ತಲೆ ಅನ್ನುವುದು ಕಥೆಯ ಸತ್ಯ. ಧೈರ್ಯಕ್ಕೆ ಅದು ಬೇಕು. ಓದಲು ಕಲಿಯುವುದಕ್ಕೆ ಮಾತ್ರ ಬೇರೆ ಕೆಲಸ ಬೇಕು: ಒಂದೊಂದು ಶಬ್ದ, ಅದರ ಅಕ್ಷರ, ಕ್ರಮವಾಗಿ, ಮತ್ತೆ ಮತ್ತೆ, ದಿನಾ ಸ್ವಲ್ಪ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಆ ಮಟ್ಟಿಗೆ ಇಂಗ್ಲಿಷಿಗಿಂತ ಸುಲಭ. ಆದರೆ ಒತ್ತಕ್ಷರ, ಒಂದೇ ಥರ ಕಾಣುವ ಅಕ್ಷರಗಳು ಈ ಮಕ್ಕಳನ್ನು ಕಾಡುತ್ತವೆ. ಅದಕ್ಕೂ ಅಷ್ಟೇ ತಾಳ್ಮೆ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ಈ ತೊಂದರೆಯೂ ಸೇರಿದೆ. ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ, ಪರೀಕ್ಷೆ ಹೊತ್ತಿಗೆ ಬೇಕಾಗುತ್ತದೆ.

ಮತ್ತೆ ನೀವು ಅಂದ ಆ ಒಂದೆರಡು ಮಾತಿನ ಬಗ್ಗೆ. ಗೊತ್ತಿಲ್ಲದೆ ಅಂದಿದ್ದು ಅಂತ ಮಗಳಿಗೇ ಹೇಳಿ. ಮಕ್ಕಳು ಕೇಳಿಸಿಕೊಳ್ಳುತ್ತಾರೆ.

ಅಟ್ಲಾಂಟಾ ಕನ್ನಡತಿ

ನನ್ನ ಮಗ ಇಲ್ಲೇ ಹುಟ್ಟಿದವನು. ಅವನಿಗೆ ಅಥೀನಾ ಗೊತ್ತಿತ್ತು, ಅರ್ಜುನ ಗೊತ್ತಿರಲಿಲ್ಲ. ನನಗೆ ಅದು ಒಳಗೊಳಗೇ ಚುಚ್ಚುತ್ತಿತ್ತು. ಆಮೇಲೆ ರಿಯೊರ್ಡನ್ ತಮ್ಮ ಹೆಸರಿನಲ್ಲೇ ಬೇರೆ ಬೇರೆ ಜನರ ಪುರಾಣದ ಪುಸ್ತಕಗಳನ್ನು ಹೊರತರಲು ಶುರು ಮಾಡಿದರು. ಅದರಲ್ಲಿ ಮೊದಲು ಬಂದದ್ದು 2018ರಲ್ಲಿ, ರೋಶನಿ ಚೋಕ್ಷಿ ಬರೆದ ಆರು ಶಾ ಎಂಬ ಹುಡುಗಿಯ ಕಥೆ. ಅವಳು ಇಂದ್ರನ ಮಗಳು, ಅರ್ಜುನನ ಆತ್ಮ ಹೊತ್ತವಳು. ವಾಸ ಇರುವುದು ನಮ್ಮೂರು ಅಟ್ಲಾಂಟಾದಲ್ಲಿ! ಅದನ್ನು ಓದಿದ ಮೇಲೆ ಮಗ ನಮ್ಮ ತಂದೆಗೆ ವಿಡಿಯೊ ಕಾಲ್ ಮಾಡಿ ‘ತಾತ, ಪಾಂಡವರ ಕಥೆ ಪೂರ್ತಿ ಹೇಳು’ ಅಂದ. ವಾರಕ್ಕೆ ಒಂದು ಸಂಜೆ, ಎಂಟು ತಿಂಗಳು ನಡೆಯಿತು. ಅಜ್ಜ ಮೊಮ್ಮಗ ಇಬ್ಬರಿಗೂ ಅದು ಹಬ್ಬ.

ಕಡಲ ಕಾಗೆ

ಮೇಷ್ಟ್ರೇ, ನಿಮ್ಮ ಮಾತು ಎರಡು ದಿನದಿಂದ ತಲೆಯಲ್ಲಿದೆ. ನಾನು ಅನ್ನುವುದು ಇಷ್ಟು: ಲ್ಯೂಕ್‌ನ ದೂರು ನಿಜ ಅಂತ ತೋರಿಸಬೇಕಾದರೆ, ಅವನ ದಾರಿ ಹಿಡಿಯದೆ ಅದೇ ದೂರನ್ನು ಯಾರಾದರೂ ದೇವರ ಮುಂದೆ ಇಡಬೇಕು. ಹಾಗೆ ಇಟ್ಟವರು ಇದ್ದಾರಾ?

ನೀಲಿ ದೋಸೆ

ಇದ್ದಾರೆ! ತುಂಗಾ ಅಕ್ಕ, ಐದನೇ ಪುಸ್ತಕದ ಕೊನೆ ಹೇಳಿಬಿಡಲಾ?

ತುಂಗಾ ತೀರ

ಹೇಳು. ಮಗಳಿಗೆ ಹೇಳುವುದಿಲ್ಲ.

ನೀಲಿ ದೋಸೆ

2009ರ ‘ದ ಲಾಸ್ಟ್ ಒಲಿಂಪಿಯನ್’. ಯುದ್ಧ ಗೆದ್ದ ಮೇಲೆ ದೇವರುಗಳು ಪರ್ಸಿಗೆ ಸಾವೇ ಇಲ್ಲದ ಬಾಳು ಕೊಡುತ್ತೇವೆ ಅನ್ನುತ್ತಾರೆ. ದೇವರೇ ಆಗಿಬಿಡು ಅಂತ. ಅವನು ಬೇಡ ಅನ್ನುತ್ತಾನೆ. ಬದಲಿಗೆ ಸ್ಟಿಕ್ಸ್ ನದಿಯ ಮೇಲೆ ಆಣೆ ಇಡಿಸಿಕೊಂಡು ಕೇಳುತ್ತಾನೆ: ನಿಮ್ಮ ಎಲ್ಲ ಮಕ್ಕಳಿಗೂ ಹದಿಮೂರು ವರ್ಷ ತುಂಬುವುದರೊಳಗೆ ಗುರುತು ಕೊಡಬೇಕು. ಚಿಕ್ಕ ದೇವರುಗಳ ಮಕ್ಕಳಿಗೂ ಶಿಬಿರದಲ್ಲಿ ಮನೆ ಕಟ್ಟಬೇಕು. ಸತ್ತವರ ಲೋಕದ ದೇವರು ಹೇಡಿಸ್‌ನ ಮಕ್ಕಳಿಗೂ. ಹನ್ನೊಂದನೇ ಮನೆಯಲ್ಲಿ ಇನ್ನು ಯಾರನ್ನೂ ತುರುಕಬಾರದು.

ಲ್ಯೂಕ್ ಏನಾದ ಅಂತ ಹೇಳುವುದಿಲ್ಲ. ಅದನ್ನು ಓದಿಯೇ ತಿಳಿಯಬೇಕು.

ಕಡಲ ಕಾಗೆ

ಅಂದರೆ ಹುಡುಗ ಅವನ ಸಿಟ್ಟನ್ನು ತನ್ನದು ಮಾಡಿಕೊಂಡ. ಸರಿ. ಈಗ ಮೊದಲಿನಿಂದ ಮತ್ತೆ ಓದುತ್ತೇನೆ.

ಹಳೇ ಮೇಷ್ಟ್ರು

ಹದಿಮೂರು ವರ್ಷದೊಳಗೆ! ಕುಂತಿಗೆ ಯಾರಾದರೂ ಹೀಗೆ ಆಣೆ ಹಾಕಿಸಿದ್ದರೆ ಕುರುಕ್ಷೇತ್ರದ ಕಥೆಯೇ ಬೇರೆ ಆಗುತ್ತಿತ್ತು.

ತುಂಗಾ ತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿಶೇಷ ತರಗತಿ ಮೇಡಂ, ನಿಮ್ಮ ಮಾತಿನಂತೆ ಮಗಳ ಹತ್ತಿರ ಕೂತು ಹೇಳಿದೆ. ಅವಳು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ‘ಎರಡನೇ ಪುಸ್ತಕ ತಗೋ’ ಅಂದಳು.

2006ರಲ್ಲಿ ಬಂದದ್ದು, ‘ದ ಸೀ ಆಫ್ ಮಾನ್‌ಸ್ಟರ್ಸ್’. ಶುರು ಮಾಡಿದ್ದೇವೆ. ಟೈಸನ್ ಅಂತ ಒಬ್ಬ ಹುಡುಗ ಬರುತ್ತಾನೆ. ಮನೆ ಇಲ್ಲದವನು, ದೊಡ್ಡ ಮೈಯವನು, ಒಂದೇ ಕಣ್ಣು. ನಿನ್ನೆ ರಾತ್ರಿ ಶಿಬಿರದಲ್ಲಿ ಅವನ ತಲೆಯ ಮೇಲೂ ತ್ರಿಶೂಲ ಹೊಳೆಯಿತು. ಅವನೂ ಪೊಸೈಡನ್‌ನ ಮಗ, ಪರ್ಸಿಯ ತಮ್ಮ. ಈ ಸಲ ಯಾರೂ ಮಂಡಿಯೂರಲಿಲ್ಲ. ನಕ್ಕರು. ಪರ್ಸಿಗೆ ಅವನನ್ನು ತಮ್ಮ ಅನ್ನಲು ನಾಚಿಕೆ ಆಯಿತು.

ಮಗಳು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿ ಇಟ್ಟಳು. “ಅವನೇ ಹನ್ನೊಂದನೇ ಮನೇಲಿ ನೆಲದ ಮೇಲೆ ಮಲಗಿದ್ದ, ಮರೆತುಬಿಟ್ಟನಾ?” ಅಂತ ಪರ್ಸಿಯ ಮೇಲೆ ಸಿಟ್ಟು ಮಾಡಿಕೊಂಡೇ ಮಲಗಿದಳು.